ಎರಡನೆಯ ಸಹಿ

ನಾನು ಮೆಡೋವೇಲ್‌ನ ಕಮ್ಯೂನಿಟಿ ಸೆಂಟರ್ ತಲುಪುವಷ್ಟರಲ್ಲಿ ಹೊನ್ನಪ್ಪನವರು ವೇದಿಕೆಯ ಮೇಜಿಗೆ ಬಿಳಿ ಬಟ್ಟೆ ಹಾಸುತ್ತಿದ್ದರು. ನನ್ನ ಕುರ್ಚಿಯನ್ನು ಆಗಲೇ ಹೀಟರಿನ ಪಕ್ಕಕ್ಕೆ ಸರಿಸಿಟ್ಟಿದ್ದರು. ಮೇ ತಿಂಗಳಾದರೂ ನನ್ನ ಮೊಣಕಾಲಿಗೆ ಚಳಿ ಬಿಟ್ಟಿಲ್ಲವೆಂದು ಅವರಿಗೆ ಗೊತ್ತು.

"ಮನಿ ಕೀಲಿ ಕೊಟ್ಟು ಬಂದೆರಿ," ಅಂದರು, ನನ್ನ ಕಡೆ ನೋಡದೆ. "ಸೋಮವಾರ ಮುಂಜಾನೆ ಫ್ಲೈಟ್."

ಸ್ಟೌಫ್‌ವಿಲ್‌ನ ಮನೆ ಮಾರಿ ದೂರದ ಎಡ್ಮಂಟನ್ನಿಗೆ, ತಮ್ಮನ ಮನೆಗೆ ಹೊರಟಿದ್ದರು. ಅಂದು ಶನಿವಾರ.

"ಪ್ಯಾಕಿಂಗ್ ಎಲ್ಲ ಆಯ್ತಾ?" ಎಂದಷ್ಟೇ ಕೇಳಿದೆ. ಅರವತ್ತೇಳರ ಹೆಂಗಸು, ಹೋಗಬೇಡಿ ಎಂದು ಯಾವ ಬಾಯಲ್ಲಿ ಹೇಳಲಿ?

"ಆತು. ಒಂದ್ ಸಾಮಾನು ಬಿಟ್ಟು."

ಯಾವುದು ಎಂದು ಕೇಳುವಷ್ಟರಲ್ಲಿ ಜನ ಬರತೊಡಗಿದರು.

ಡಾಕ್ಟರ್ ಜಯಶೀಲಾ ಆ ವರ್ಷ, 2017ರ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು. ಇದು ಅವರ ನೆನಪಿನ ಸಭೆ. ಧಾರವಾಡದಲ್ಲಿ ಭೌತಶಾಸ್ತ್ರ ಓದಿ, ಈ ದೇಶಕ್ಕೆ ಬಂದು ಎಂಜಿನಿಯರ್ ಆದ ಅವರನ್ನು ಎಪ್ಪತ್ತರ ದಶಕದ ಆಸ್ಪತ್ರೆಗಳಲ್ಲಿ ನರ್ಸ್ ಎಂದೇ ತಿಳಿಯುತ್ತಿದ್ದರಂತೆ. ಬಿಸಿನೀರಿನ ರಬ್ಬರ್ ಚೀಲಕ್ಕೆ ಬಿ.ಪಿ. ಯಂತ್ರದ ಕೊಳವೆ ಜೋಡಿಸಿ ಮೊದಲ ಉಸಿರುಚಾಪೆ ಮಾಡಿದ್ದು ತಮ್ಮ ಬೇಸ್‌ಮೆಂಟಿನಲ್ಲಿ. ಹಸುಗೂಸನ್ನು ಅದರ ಮೇಲೆ ಮಲಗಿಸಬೇಕು. ಹದಿನೈದು ಸೆಕೆಂಡು ಉಸಿರಿನ ಅಲುಗಾಟ ಕಾಣದಿದ್ದರೆ ಗಂಟೆ ಬಡಿಯುತ್ತದೆ. ಆ ಗಂಟೆಯಿಂದ ಉಳಿದ ಮಕ್ಕಳ ಫೋಟೋಗಳು ಪ್ರತಿ ಡಿಸೆಂಬರಿನಲ್ಲಿ ಲ್ಯಾಬಿಗೆ ಬರುತ್ತಿದ್ದವು. ಡಾಕ್ಟರ್ ಒಂದೊಂದಕ್ಕೂ ಕೈಯಾರೆ ಉತ್ತರ ಬರೆಯುತ್ತಿದ್ದರು.

ಅವರ ಲ್ಯಾಬಿನಲ್ಲಿ ಒಂದು ನಿಯಮವಿತ್ತು. ಚಾಪೆ ಮಾಡಿದವರೇ ಪರೀಕ್ಷಿಸುವಂತಿಲ್ಲ, ಅವರ ಮನೆಯವರೂ ಪರೀಕ್ಷಿಸುವಂತಿಲ್ಲ. ಶುರುವಿನಲ್ಲೊಮ್ಮೆ ಗಂಡ ಮಾಡಿದ ಚಾಪೆಗೆ ಹೆಂಡತಿ ನೋಡದೆಯೇ ಸಹಿ ಹಾಕಿ, ಗಂಟೆ ಬಡಿಯದ ಚಾಪೆಯೊಂದು ಆಸ್ಪತ್ರೆಗೆ ಹೊರಟಿತ್ತಂತೆ. ಅಂದಿನಿಂದ ಫಾರಮ್ಮಿನಲ್ಲಿ ಎರಡನೆಯ ಸಹಿಯ ಮೇಲೆ ಒಂದು ಸಾಲು ಬಂತು: ಮಾಡಿದವರಿಗೂ ನನಗೂ ಯಾವ ಸಂಬಂಧವೂ ಇಲ್ಲ.

ಹೊನ್ನಪ್ಪನವರು ಮಾಡುವವರು, ನಾನು ನೋಡುವವಳು. ಇಪ್ಪತ್ತಾರು ವರ್ಷ ಆ ಸಾಲಿನ ಕೆಳಗೆ 'ಅರುಂಧತಿ' ಎಂದು ಸಹಿ ಹಾಕಿದೆ. ನಾನು ಕೆಲಸಕ್ಕೆ ಸೇರುವಾಗಲೇ ವಿಧವೆ. ಕೆಲವು ವರ್ಷಗಳಲ್ಲಿ ಅವರ ಹೆಂಡತಿಯೂ ತೀರಿಕೊಂಡರು. ಒಮ್ಮೆ ಚಾಪೆಯ ಗಂಟೆಯಿರುವ ಪೆಟ್ಟಿಗೆಯ ತಗಡು ನನ್ನ ಬೆರಳು ಕೊಯ್ದಿತು. ಆಮೇಲೆ ನನ್ನ ಮೇಜಿಗೆ ಬಂದ ಪ್ರತಿ ಪೆಟ್ಟಿಗೆಯ ಅಂಚೂ ಅರದಿಂದ ಉಜ್ಜಿ ನುಣುಪಾಗಿರುತ್ತಿತ್ತು. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಮಾತಾಡಿದ್ದರೆ ಒಬ್ಬರು ಲ್ಯಾಬ್ ಬಿಡಬೇಕಿತ್ತು. ನಿವೃತ್ತರಾದ ಮೇಲೂ ಹಳೆಯ ಚಾಪೆಗಳ ರಿಪೇರಿಗೆಂದು ವಾರಕ್ಕೆರಡು ದಿನ ಹೋಗುತ್ತಿದ್ದೆವು. ಆ ಎರಡು ದಿನ ಕಳೆದುಕೊಳ್ಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಡಾಕ್ಟರರ ಶಿಷ್ಯೆ ಶ್ರೀಜಾ ಮೈಕ್ ಹಿಡಿದಳು. "ಇದು ನಮ್ಮ ಲ್ಯಾಬಿನ ಕೊನೇ ಚಾಪೆ. ಹೊನ್ನಪ್ಪ ಅಂಕಲ್ ರಿಪೇರಿ ಮಾಡಿದ್ದಾರೆ. ಯೂನಿವರ್ಸಿಟಿಗೆ ಡಿಸ್‌ಪ್ಲೇಗೆ ಹೋಗತ್ತೆ. ಆದ್ರೆ ಎರಡು ಸಹಿ ಇಲ್ದೆ ಬಾಗಿಲು ದಾಟಿದ್ರೆ ಮೇಡಂ ಸುಮ್ನಿರ್ತಿದ್ರಾ? ಬನ್ನಿ ಆಂಟಿ."

ನಾನು ಅಂಗೈಯನ್ನು ಚಾಪೆಯ ಮೇಲೆ ಮಗುವಿನ ಎದೆಯ ಹಾಗೆ ಮೆಲ್ಲಗೆ ಒತ್ತಿ ಎತ್ತಿದೆ. ಉಸಿರು ಸಿಕ್ಕಿತೆಂದು ತೋರಿಸುವ ಹಸಿರು ದೀಪ ಮಿನುಗಿತು. ಆಮೇಲೆ ಕೈ ನಿಲ್ಲಿಸಿ ಎಣಿಸಿದೆ. ಹದಿಮೂರು, ಹದಿನಾಲ್ಕು, ಹದಿನೈದು.

ಗಂಟೆ ಬಡಿಯಲಿಲ್ಲ.

ಇಪ್ಪತ್ತು ದಾಟಿತು. ಸಭೆಯಲ್ಲಿ ಯಾರೋ ಕೆಮ್ಮಿದರು.

"ಇನ್ನೊಮ್ಮೆ ನೋಡ್ರಿ," ಅಂದರು ಹೊನ್ನಪ್ಪನವರು. ಮುಖ ಬಿಳಚಿಕೊಂಡಿತ್ತು.

ಮತ್ತೊಮ್ಮೆ ನೋಡಿದೆ. ಆಗಲೂ ಇಲ್ಲ.

"ನಿನ್ನಿ ಹತ್ ಸಲ ನೋಡೀನ್ರಿ," ಎಂದು ನನಗೆ ಮಾತ್ರ ಕೇಳುವಂತೆ ಅಂದರು. "ಡಾಕ್ಟರ್ ಅಕ್ಕಾರ ಸಭಾದಾಗ, ನನ್ನ ಕೈಯಿಂದ ಹಿಂಗಾಗ್ಬೇಕಾ."

ಆಗ ಹಸಿರು ದೀಪ ಕಂಡಿತು. ಅದು ಇನ್ನೂ ಮಿನುಗುತ್ತಿತ್ತು. ಚಾಪೆಗೆ ಏನೂ ಆಗಿರಲಿಲ್ಲ. ನನ್ನ ಕೈ ನಡುಗುತ್ತಿತ್ತು.

ಸುಮ್ಮನಿದ್ದರೆ ಈ ಅವಮಾನ ಹೊತ್ತುಕೊಂಡೇ ಅವರು ವಿಮಾನ ಹತ್ತುತ್ತಾರೆ. ವಯಸ್ಸಾಯಿತು ನೋಡಿ ಎಂದು ನಕ್ಕು ಸಹಿ ಹಾಕಿದರೆ ಅದು ಇನ್ನೊಂದು ಸುಳ್ಳು.

"ಚಾಪೆ ಸರಿಯಾಗೇ ಇದೆ, ಹೊನ್ನಪ್ಪನೋರೆ. ನನ್ನ ಕೈ ನಿಲ್ತಿಲ್ಲ. ಅದನ್ನೇ ಅದು ಉಸಿರು ಅಂದ್ಕೊಂಡಿದೆ."

"ಅಷ್ಟೇನಾ ಆಂಟಿ? ಟೆಸ್ಟ್ ನಾನು ಮಾಡ್ತೀನಿ, ನೀವು ಸೈನ್ ಮಾಡ್ಬಿಡಿ, ಫೋಟೋಗೆ," ಎಂದು ಶ್ರೀಜಾ ಪೆನ್ನು ಚಾಚಿದಳು.

"ಸಹೀನೂ ನೀನೇ ಹಾಕಮ್ಮ. ಈ ಸಾಲಿನ ಕೆಳಗೆ ನಾನು ಹಾಕೋ ಹಾಗಿಲ್ಲ." ಆ ಸಾಲಿನ ಮೇಲೆ ಬೆರಳಿಟ್ಟೆ.

ಶ್ರೀಜಾ ಓದಿದಳು. ನನ್ನನ್ನು ನೋಡಿದಳು, ಅವರನ್ನು ನೋಡಿದಳು. ಅಂಗಿಯ ತೋಳು ಮಡಚಿ ಚಾಪೆಯ ಮೇಲೆ ಕೈಯಿಟ್ಟಳು.

ಹದಿನೈದು ಸೆಕೆಂಡು. ಇಡೀ ಹಾಲ್ ಚಾಪೆಯನ್ನು ನೋಡುತ್ತಿತ್ತು. ಹೊನ್ನಪ್ಪನವರು ಮಾತ್ರ ನನ್ನನ್ನು ನೋಡುತ್ತಿದ್ದರು.

ಗಂಟೆ ಬಡಿಯಿತು.

ಚಪ್ಪಾಳೆಯ ನಡುವೆ ಅವರು ಪಕ್ಕಕ್ಕೆ ಬಂದು ನಿಂತರು. "ಎಷ್ಟ್ ವರ್ಷದಿಂದ್ರಿ?"

"ಪೆಟ್ಟಿಗೆ ಅಂಚು ಉಜ್ಜೋಕೆ ಶುರು ಮಾಡಿದ್ರಲ್ಲ, ಆವತ್ತಿಂದ."

"ಹಂಗಾದ್ರ ಅಷ್ಟೂ ಸಹಿ ಸುಳ್ಳು."

"ಸಾಲು ಸುಳ್ಳು. ಪರೀಕ್ಷೆ ಸುಳ್ಳಲ್ಲ. ನಿಮ್ಮ ಹನ್ನೆರಡು ಚಾಪೆ ವಾಪಸ್ ಕಳಿಸಿದೀನಿ."

"ಹದಿಮೂರ್ರಿ. ನಾ ಮರತಿಲ್ಲ." ಅವರ ಕಣ್ಣಂಚಿನಲ್ಲಿ ನಗು ಬಂತು. ಆಮೇಲೆ ಕೋಟಿನ ಜೇಬಿನಿಂದ ಹಿಡಿ ಸವೆದ ಪುಟ್ಟ ಅರವೊಂದನ್ನು ತೆಗೆದರು. "ಪ್ಯಾಕ್ ಮಾಡದ ಉಳದದ್ದು ಇದೊಂದರಿ. ನಿಮಗ ಕೊಟ್ಟು ಹೋಗೂಣಂತ ತಂದಿದ್ದೆ."

ನಾನು ಕೈ ಚಾಚಲಿಲ್ಲ.

"ನಿಮ್ಮ ಹತ್ರಾನೇ ಇರ್ಲಿ. ನಮ್ಮ ಅಡುಗೆಮನೆ ಡ್ರಾಯರಿನ ಅಂಚು ತುಂಬ ಚೂಪು."

ಅವರು ಅರವನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ನಿಂತರು. ಅಷ್ಟರಲ್ಲಿ ಶ್ರೀಜಾ ಬಂದಳು.

"ಅಂಕಲ್, ಸೋಮವಾರ ಏರ್‌ಪೋರ್ಟಿಗೆ ಕರ್ಕೊಂಡು ಹೋಗಕ್ಕೆ ಎಷ್ಟೊತ್ತಿಗೆ ಬರ್ಲಿ?"

"ಬರಬ್ಯಾಡವಾ," ಎಂದು ಹೊನ್ನಪ್ಪನವರು ಅರವನ್ನು ಮತ್ತೆ ಜೇಬಿಗೆ ಹಾಕಿಕೊಂಡರು. "ಸೋಮವಾರ ಒಂದ್ ಡ್ರಾಯರ್ ನೋಡೂದದ."