ಬಲೆ ಎಂದ ಹುಲಿ

ಬಹಳ ಹಿಂದೆ ಘಟ್ಟದ ಒಂದು ರಾಜ್ಯದಲ್ಲಿ ಮೇಲಿನವರು ಕನ್ನಡ ಆಡುತ್ತಿದ್ದರು, ಕೆಳಗಿನವರು ತುಳು. ಮಾತು ಎರಡಾದರೂ ಅಜ್ಜಿಯರು ಹೇಳುವ ಹುಲಿಯ ಕತೆ ಒಂದೇ. ಇದನ್ನು ನೋಡಿ ಧೂಮಾಕ್ಷನೆಂಬ ಮಾಂತ್ರಿಕನಿಗೆ ಹೊಟ್ಟೆಕಿಚ್ಚು. ಇಬ್ಬರ ನಡುವಿನ ದಾರಿಗೆ ಅಡ್ಡಲಾಗಿ ಕೋಟೆ ಕಟ್ಟಿದ, ಮೂರು ಬಾಗಿಲಿಟ್ಟ. ಸಿಕ್ಕ ತುಳುವರನ್ನು ಮೃಗ ಮಾಡಿ ಕಾವಲಿಗೆ ನಿಲ್ಲಿಸಿದ. ಕೋಟೆಯಲ್ಲಿ ಯಾರೇ ಹೆದರಿ ಬೆನ್ನು ತಿರುಗಿಸಲಿ, ಅಲ್ಲೇ ಕಲ್ಲು.

ಮೇಲಿನ ಊರಿನ ಹುಡುಗಿ ಹೊನ್ನಿಯ ಅಣ್ಣ ಈರ ಹಾಗೇ ಕಲ್ಲಾದ. ಬರುವ ಅಮಾವಾಸ್ಯೆ ಕಳೆದರೆ ಕಲ್ಲಾದವನು ಮತ್ತೆ ಮನುಷ್ಯನಾಗುವುದಿಲ್ಲ ಎಂದು ಊರವರು ಕೈಚೆಲ್ಲಿದರು. ಇದ್ದವನೊಬ್ಬ ಅಣ್ಣ, ಹೊನ್ನಿಗೆ ಅನ್ನ ಸೇರಲಿಲ್ಲ. ಹೊರಟೇಬಿಟ್ಟಳು.

ದಾರಿ ಮುಚ್ಚಿದಾಗ ಈ ಕಡೆಯೇ ಉಳಿದುಹೋಗಿದ್ದ ತುಳು ಮುದುಕಿ ಪೂವಕ್ಕ ಅವಳನ್ನು ತಡೆದಳು. "ಕೋಟೆ ಬಾಗಿಲು ಕಾಯುವ ಹುಲಿ ಏನನ್ನುತ್ತದಂತೆ ಮಗಾ?"

"ಬಲೆ ಬಲೆ ಅಂತ ಕೂಗಿ ಬಲೆ ಬೀಸುತ್ತದಂತೆ ಅಜ್ಜಿ. ನಮ್ಮ ಕತೆಯ ಹುಲಿಯೂ ಹಾಗೇ ಅಲ್ವಾ?"

ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ನಿಮ್ಮ ಕತೆಯೇ! ನಮ್ಮಲ್ಲಿ ಬಲೆ ಅಂದರೆ ಬನ್ನಿ ಅಂತ. ನಮ್ಮ ಹುಲಿ ನೆಂಟರನ್ನು ಊಟಕ್ಕೆ ಕರೆಯುತ್ತದೆ."

ಮೊದಲ ಬಾಗಿಲಲ್ಲಿ ಹುಲಿ. "ಬಲೆ!" ಎಂದು ಗರ್ಜಿಸಿತು. ಹೊನ್ನಿ ಬೆನ್ನು ತಿರುಗಿಸಲಿಲ್ಲ.

"ಬಂದೆ ಮಾವ," ಎಂದಳು.

ಹುಲಿಯ ಕಣ್ಣಲ್ಲಿ ನೀರು. "ನಾನು ಕರೆದವರೆಲ್ಲ ಓಡಿದರು, ಯಾಕೆ ಮಗಾ?" ಎಂದು ಹರಕು ಕನ್ನಡದಲ್ಲಿ ಕೇಳಿತು.

"ನಮ್ಮಲ್ಲಿ ಬಲೆ ಅಂದರೆ ಮೀನು ಹಿಡಿಯೋ ಬಲೆ, ಮಾವ."

ಹುಲಿ ಪಂಜದಿಂದ ಹಣೆ ಚಚ್ಚಿಕೊಂಡಿತು. ಅವಳ ಹಿಂದೆಯೇ ಹೊರಟಿತು.

ಎರಡನೆಯ ಬಾಗಿಲಲ್ಲಿ ಆನೆಯಷ್ಟೆತ್ತರದ ಕಾಡುಹಂದಿ, "ಬಲೆ" ಎಂದು ಹೂಂಕರಿಸಿತು. "ಬಂದೆ ಅತ್ತೆ," ಎಂದು ಹೊನ್ನಿ ಕೋರೆಗಳ ನಡುವೆಯೇ ನುಸುಳಿ ನಡೆದಳು. ಈಗ ಅವಳಿಗೆ ನಗುವೇ ಬರುತ್ತಿತ್ತು.

ಮೂರನೆಯ ಬಾಗಿಲಲ್ಲಿ ಮೃಗವೇ ಇಲ್ಲ. ಒಳಗಿನ ಕತ್ತಲಿಂದ ಜೇನಿನಂಥ ಕನ್ನಡ ಕೇಳಿತು: "ಬಾರಮ್ಮ, ನಿನ್ನಣ್ಣ ಇಲ್ಲೇ ಇದ್ದಾನೆ."

ಅವಳು ಕಾಲೆತ್ತಿದಳು. ಹಿಂದಿನಿಂದ ಹುಲಿ ಅಬ್ಬರಿಸಿತು, "ಬಲೆ! ನಿನ್ನ ಬಲೆ, ನನ್ನದಲ್ಲ!"

ಹೊನ್ನಿ ಥಟ್ಟನೆ ಪಕ್ಕಕ್ಕೆ ಹಾರಿದಳು. ಅವಳು ನಿಂತಿದ್ದಲ್ಲಿಗೇ ಕಬ್ಬಿಣದ ಬಲೆ ಬಂದು ಬಿತ್ತು. ಬೀಸಿದವನು ಧೂಮಾಕ್ಷನೇ. ಹುಲಿ ನೆಗೆದದ್ದೇ ತಡ, ಅವನು ಬೆನ್ನು ತಿರುಗಿಸಿ ಓಡಹೋದ. ಮಾಟ ಅವನದೇ ಆದರೇನು, ಯಾರನ್ನು ಬಿಟ್ಟೀತು? ಎತ್ತಿದ ಕಾಲು ಎತ್ತಿದಂತೆಯೇ ಕಲ್ಲಾಗಿ ನಿಂತ.

ಕೋಟೆ ಕುಸಿಯಿತು. ಅವನೊಬ್ಬನನ್ನು ಬಿಟ್ಟು ಕಲ್ಲಾದವರೆಲ್ಲ ಮೈಮುರಿದು ಎದ್ದರು. ಹುಲಿ ದೂಮಣ್ಣನೆಂಬ ದೊಡ್ಡ ಮೀಸೆಯ ತುಳುವನಾಯಿತು, ಹಂದಿ ಅವನ ಹೆಂಡತಿಯಾಯಿತು.

"ಬಲೆ," ಎಂದು ದೂಮಣ್ಣ ಎಲ್ಲರನ್ನೂ ಮನೆಗೆ ಕರೆದ. ಆಗಷ್ಟೇ ಕಣ್ಣುಬಿಟ್ಟ ಈರ ಎದ್ದೆನೋ ಬಿದ್ದೆನೋ ಎಂದು ಓಟ ಕಿತ್ತ. ಹೊನ್ನಿ ಅವನ ಪಂಚೆಯ ತುದಿ ಹಿಡಿದಳು.

"ಊಟಕ್ಕೆ ಕರೀತಿದ್ದಾರೆ ಕಣೋ ಅಣ್ಣ," ಎಂದವಳೇ, ನಗುತ್ತ ಅತ್ತೇಬಿಟ್ಟಳು.

ಅಂದು ಎರಡೂ ಕಡೆಯವರು ಒಂದೇ ಪಂಕ್ತಿಯಲ್ಲಿ ಉಂಡರು. ಪೂವಕ್ಕ ಹುಲಿಯ ಕತೆಯನ್ನು ಎರಡೂ ಮಾತಿನಲ್ಲಿ ಹೇಳಿದಳು. ಅವರ ಎಲೆಗೆ ಪಾಯಸ ಬಿತ್ತು, ನಮ್ಮ ಕಿವಿಗೆ ಈ ಕತೆ ಬಿತ್ತು.