ತಿದಿ ಮಾಸ್ತರರ ಎಂಬತ್ತಾರು

ಶಿಖರದ ಕೆಳಗಿನ ರೇಡಿಯೋ ಗೋಪುರ ಬಾಯಿ ಮುಚ್ಚಿ ಮೂರು ದಿನವಾಗಿತ್ತು. ಹಿಮಗಾಳಿಯ ಎಚ್ಚರಿಕೆ ಕಣಿವೆಗೆ ತಲುಪುವುದು ಅದರಿಂದಲೇ. ಸಂಜೆಯ ಗಾಳಿಗೆ ಮುಂಚೆ ಅದರ ಬ್ಯಾಟರಿ ಬದಲಿಸಬೇಕು. ಹೊರಟವರು ಮೂವರು: ಮೆಕ್ಯಾನಿಕ್ ನಾದಿನಿ, ಅವಳ ಭಾವ ತಿದಿ ಮಾಸ್ತರು, ಹೊರೆ ಹೊರುವ ಗಡ್ಡದಣ್ಣ.

ತಿದಿಯೆಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಕುಲುಮೆಯ ತಿದಿಯಂತೆ ಆಳವಾಗಿ ಉಸಿರೆಳೆದು, ತುಟಿ ಚೂಪಾಗಿಸಿ, ಒತ್ತಿ ಊದುವುದನ್ನು ಮಾಸ್ತರು ಇಪ್ಪತ್ತು ವರ್ಷ ಕಲಿಸಿದ್ದರು. ಎತ್ತರದ ಕಾಯಿಲೆಯನ್ನು ಅದು ಸ್ವಲ್ಪ ತಡೆಯುತ್ತದೆ. ಆ 'ಸ್ವಲ್ಪ'ವನ್ನು ಅವರೇ ಮರೆತಿದ್ದರು.

ಬೆಳಿಗ್ಗೆ, ದಾರಿಯಲ್ಲಿ ತಂಗಿದ್ದ ಗುಡಿಸಲಲ್ಲಿ ಒಲೆಯ ಮೇಲೆ ಕಾಲುಚೀಲಗಳು ಒಣಗುತ್ತಿದ್ದವು. ಮಾಸ್ತರರ ತಲೆ ಸಿಡಿಯುತ್ತಿತ್ತು. ಬೆರಳಿಗೆ ರಕ್ತದ ಆಕ್ಸಿಜನ್ ಅಳೆಯುವ ಕ್ಲಿಪ್ಪು ಸಿಕ್ಕಿಸಿ ಗುಟ್ಟಾಗಿ ನೋಡಿದರೆ ಎಪ್ಪತ್ತೆರಡು. ಎಂಬತ್ತಕ್ಕಿಂತ ಕಡಿಮೆಯಿದ್ದವರು ಮೇಲೆ ಹತ್ತಬಾರದು, ಕೆಳಗಿಳಿಯಬೇಕೆಂಬ ನಿಯಮ ಅವರದೇ! ಬೂಟಿನ ದಾರ ಕಟ್ಟುವ ನೆಪದಲ್ಲಿ ಗೋಡೆಗೆ ತಿರುಗಿ ಹತ್ತು ಸಲ ಊದಿ, ನಾದಿನಿಯ ಮುಂದೆ ಬೆರಳು ಚಾಚಿದರು. ಎಂಬತ್ತಾರು. ಅದನ್ನೇ ದಾಖಲೆ ಪುಸ್ತಕದಲ್ಲಿ ದುಂಡಗೆ ಬರೆದರು.

"ಭಾವ, ಮುಖ ಬಾಡಿದೆಯಲ್ಲ?"

"ಚಳಿ ಕಣೆ. ನಡಿ ನೀನು."

ದಾರಿ ಬೂದು ಬಂಡೆಗಳ ನಡುವೆ ಸುತ್ತಿ ಸುತ್ತಿ ಏರುತ್ತಿತ್ತು. ಮೂವರ ಸೊಂಟಕ್ಕೂ ಒಂದೇ ಹಗ್ಗ ಕಟ್ಟಿತ್ತು. ಕೆಳಗೆ ಕಣಿವೆಯ ಮನೆಗಳು ಕಾಳು ಚೆಲ್ಲಿದಂತೆ ಕಾಣುತ್ತಿದ್ದವು. ಎದುರಿನ ಹಿಮದ ಬೆನ್ನ ಮೇಲೆ ಮೋಡ ಆಗಲೇ ಕಪ್ಪಾಗುತ್ತಿತ್ತು. ಮಾಸ್ತರು ಊದುತ್ತಲೇ ನಡೆದರು. ಕಾಲು ಮಾತ್ರ ಮಾತು ಕೇಳಲಿಲ್ಲ.

ಬಂಡೆಯಂಚಿನಲ್ಲಿ ಅವರು ಜಾರಿದರು.

ಹಗ್ಗ ಎಳೆಯಿತು. ನಾದಿನಿ ದೊಪ್ಪನೆ ಬಿದ್ದು ಅಂಚಿನತ್ತ ಸರಿದಳು.

ಗಡ್ಡದಣ್ಣ ಹಗ್ಗದ ಮೇಲೆಯೇ ಬಿದ್ದ. ಹಗ್ಗ ನಿಂತಿತು.

ಅವನು ಇಬ್ಬರನ್ನೂ ಮೇಲೆಳೆದುಕೊಂಡ ಮೇಲೆ ನಾದಿನಿ ಮೊದಲು ಕ್ಲಿಪ್ಪು ತೆಗೆದು ಮಾಸ್ತರರ ಬೆರಳಿಗೆ ಸಿಕ್ಕಿಸಿದಳು. ಅರವತ್ತೆಂಟು.

"ಬೆಳಿಗ್ಗೆ ಎಂಬತ್ತಾರಿತ್ತು!"

"ಊದಿ ಏರಿಸಿದ್ದೆ ಕಣೆ," ಎಂದರು ಮಾಸ್ತರು. ಅವಳ ಅಂಗೈ ತರಚಿ ರಕ್ತ ಬರುತ್ತಿತ್ತು. ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ಅವರಿಗೆ.

ಅವಳು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. "ಅಣ್ಣಾ, ಇವರನ್ನ ಈಗಲೇ ಇಳಿಸು. ಗೋಪುರ ಇಲ್ಲೇ ಇದೆ, ನಾನೊಬ್ಬಳೇ ಹೋಗ್ತೀನಿ," ಎಂದು ಬ್ಯಾಟರಿ ಬೆನ್ನಿಗೇರಿಸಿದಳು.

ತಮ್ಮ ಸುಳ್ಳಿನಿಂದ ಹುಡುಗಿ ಒಂಟಿಯಾದಳೆಂದು ಮಾಸ್ತರು ದಾರಿಯುದ್ದಕ್ಕೂ ಕುಗ್ಗಿ ಹೋದರು. ಗುಡಿಸಲಲ್ಲಿ ರೇಡಿಯೋದ ಮುಂದೆ ಕೂತರು. ಎರಡು ಗಂಟೆ ಬರೀ ಗೊರಗೊರ. ಆಮೇಲೆ, "ಭಾವ, ಕೇಳ್ತಿದೆಯಾ?" ಹಿಂದೆಯೇ ಎಚ್ಚರಿಕೆಯ ಗಂಟೆ ಕಣಿವೆಯಲ್ಲೆಲ್ಲ ಮೊಳಗಿತು.

ಗಾಳಿಗಿಂತ ಮುಂಚೆ ಅವಳು ಬಂದಳು. ಮಾಸ್ತರು ಪುಸ್ತಕ ತೆರೆದು ಎಂಬತ್ತಾರನ್ನು ಹೊಡೆದು ಹಾಕಿ, 'ಎಪ್ಪತ್ತೆರಡು. ಊದಿ ಮೋಸ ಮಾಡಿದೆ' ಎಂದು ಬರೆದು ಅವಳ ಮುಂದಿಟ್ಟರು.

ಅವಳು ಓದಿ ಕ್ಲಿಪ್ಪು ಚಾಚಿದಳು. "ಈಗ ಐದು ನಿಮಿಷ ಸುಮ್ಮನೆ ಕೂತ್ಕೊಳ್ಳಿ. ಆಮೇಲೆ ಬೆರಳು ಕೊಡಿ."

ಮಾಸ್ತರು ತುಟಿ ಬಿಗಿದು, ಅವಳಿಗೆ ಎದುರಾಗಿಯೇ ಕೂತರು. ಎಪ್ಪತ್ತೊಂಬತ್ತು.

"ಒಂದು ಕಮ್ಮಿ," ಎಂದರು ಅವರೇ. "ಇಲ್ಲಿರೋ ಹಾಗಿಲ್ಲ. ಗಾಳಿ ಏಳೋ ಮೊದಲೇ ನನ್ನನ್ನ ಇನ್ನೂ ಕೆಳಗಿಳಿಸಿ." ಇಪ್ಪತ್ತು ವರ್ಷ ಯಾರಿಗೂ ಮುಟ್ಟಲು ಬಿಡದ ತಮ್ಮ ಚೀಲವನ್ನು ಗಡ್ಡದಣ್ಣನ ಕೈಗೆ ಕೊಟ್ಟರು.