ಪರೀಕ್ಷಿಸಿದವರು: ಕಿಂಗಾ

ನಮ್ಮ ಕಚೇರಿಯ ಹಿನೆಕ್ ಬರೆದ ಕೋಡ್ ತಿದ್ದುಪಡಿಗಳ ಕೊನೆಯಲ್ಲಿ ಆರು ವಾರಗಳಲ್ಲಿ ಹದಿನೇಳು ಬಾರಿ ಆ ಸಾಲು ಬಂದಿತ್ತು: 'ಪರೀಕ್ಷಿಸಿದವರು: ಕಿಂಗಾ'. ನಾನು ಎಣಿಸಿದ್ದೆ.

'ಮೋಸ್ತ್' ಎಂಬ ನಮ್ಮ ತಂತ್ರಾಂಶ ಯಾರೊಬ್ಬರ ಸ್ವತ್ತೂ ಅಲ್ಲ. ಬೇರೆ ಬೇರೆ ದೇಶಗಳ ಎರಡು ಸಾವಿರ ಜನ ಅದರ ಕೋಡ್ ಬರೆಯುತ್ತಾರೆ; ಒಬ್ಬೊಬ್ಬರು ಕಳಿಸುವ ಒಂದೊಂದು ಬದಲಾವಣೆಯೂ ಒಂದು ತಿದ್ದುಪಡಿ. ಯಾರು ಬೇಕಾದರೂ ಓದಬಹುದು. ನಿನ್ನೆ ನಡೆಯುತ್ತಿದ್ದುದು ಇವತ್ತಿನ ಆವೃತ್ತಿಯಲ್ಲಿ ಕೆಟ್ಟರೆ ಅದನ್ನು ರಿಗ್ರೆಷನ್ ಎನ್ನುತ್ತೇವೆ. ಯಾರ ತಿದ್ದುಪಡಿಯಿಂದ ಕೆಟ್ಟಿತೆಂದು ಪತ್ತೆ ಹಚ್ಚಿ, ಎಲ್ಲರೂ ಓದುವ ಇಮೇಲ್ ಪಟ್ಟಿಯಲ್ಲಿ ಹೆಸರು ಸಮೇತ ಬರೆಯುವವಳು ಬ್ರನೋ ನಗರದ ಕಚೇರಿಯ ರಾದ್ಮಿಲಾ, ಅಂದರೆ ನಾನು. ನಾಲ್ಕು ವರ್ಷಗಳಲ್ಲಿ ಒಂದು ಹೆಸರೂ ತಪ್ಪಿರಲಿಲ್ಲ.

ಪರೀಕ್ಷಿಸಿದವರ ಹೆಸರನ್ನು ತಿದ್ದುಪಡಿಯ ಅಡಿಯಲ್ಲಿ ಬರೆಯುವುದು ನಮ್ಮ ರೂಢಿ. ಒಮ್ಮೆ ಸೇರಿದ ಸಾಲನ್ನು ಯಾರೂ ಅಳಿಸುವುದಿಲ್ಲ. ಚಳಿಗಾಲವಿಡೀ ಹಿನೆಕ್‌ನ ಹೆಸರಿನ ಕೆಳಗೆ ನನ್ನ ಹೆಸರಿತ್ತು. ಏಪ್ರಿಲ್‌ನಲ್ಲಿ ಕಿಂಗಾ ಪೋಲೆಂಡಿನಿಂದ ನಮ್ಮ ಕಚೇರಿಗೆ ಬಂದಳು. ನನ್ನ ಹೆಸರು ಬರುವುದು ನಿಂತಿತು.

ಭಾನುವಾರಗಳಂದು ಹಿನೆಕ್ ಈಗಲೂ ನನ್ನ ಜೊತೆ ಲುಝಾಂಕಿ ಪಾರ್ಕಿನಲ್ಲಿ ನಡೆಯುತ್ತಿದ್ದ. ಆದರೆ ಹೇಳಬೇಕಾದ ಮಾತನ್ನು ಅವನೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಕಿಂಗಾ ಅವನ ತಟ್ಟೆಯಲ್ಲಿದ್ದ ಹಿಟ್ಟಿನ ಕಡುಬೊಂದನ್ನು ಫೋರ್ಕಿಗೆ ಚುಚ್ಚಿಕೊಂಡಳು.

"ನಿನ್ ಕೋಡ್ ಥರಾನೇ ಇದೆ. ಹೊರಗೆ ಮೆತ್ತಗೆ, ಒಳಗೆ ಬೆಂದೇ ಇಲ್ಲ."

"ಕೋಡ್ ಬೈದೆ, ಸಹಿಸ್ಕೊಂಡೆ. ಊಟದ ತಂಟೆಗೆ ಬರ್ಬೇಡ, ತಾಯಿ."

ನಗುವಾಗ ಅವನ ಎಡಹುಬ್ಬು ಸ್ವಲ್ಪ ಮೇಲೇರುತ್ತದೆ. ಅದು ನನ್ನೊಬ್ಬಳಿಗೇ ಕಾಣುವುದೆಂದು ನಾನು ತಿಳಿದಿದ್ದೆ.

"ರಾದ್ಕಾ, ಆ ಉಪ್ಪು ಕೊಡ್ತೀಯಾ?" ಎಂದ. ನನ್ನನ್ನು ಹಾಗೆ ಕರೆಯುವವನು ಅವನೊಬ್ಬನೇ.

"ನಿನ್ ಪರೀಕ್ಷಕಿ ಪಕ್ಕದಲ್ಲೇ ಇದಾಳಲ್ಲ. ಅವಳನ್ನೇ ಕೇಳು."

ಅವನು ನನ್ನತ್ತ ನೋಡಿದ. ಉಪ್ಪಿಗೆ ಬೇಕಾದುದಕ್ಕಿಂತ ಒಂದು ಕ್ಷಣ ಹೆಚ್ಚೇ ನೋಡಿದ.

ಅದೇ ವಾರ ತ್ರೆಬೀಚ್ ಊರಿನ ಶಾಲಾ ಶಿಕ್ಷಕಿಯೊಬ್ಬರು ದೂರು ಬರೆದರು. ಹೊಸ ಆವೃತ್ತಿ ಹಾಕಿದ ಮೇಲೆ, ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ಅರ್ಧ ಗಂಟೆ ಬಿಟ್ಟು ತೆರೆದರೆ ಪರದೆ ಕಪ್ಪಾಗಿಯೇ ಇರುತ್ತದಂತೆ. ಹಳೆಯ ಆವೃತ್ತಿಯಲ್ಲಿ ಹೀಗಿರಲಿಲ್ಲ.

ಎರಡು ಆವೃತ್ತಿಗಳ ನಡುವೆ ಮೂರು ಸಾವಿರದ ಒಂಬೈನೂರು ತಿದ್ದುಪಡಿಗಳಿದ್ದವು. ಹುಡುಕುವ ಕ್ರಮ ಸರಳ. ಸಾಲಿನ ನಡುವಿನದನ್ನು ಆರಿಸಿ, ಅಲ್ಲಿಯವರೆಗಿನ ತಂತ್ರಾಂಶವನ್ನು ಪರೀಕ್ಷಿಸಬೇಕು. 'ಸರಿಯಿದೆ' ಎಂದಾದರೆ ತಪ್ಪು ಅದರ ಆಚೆಗಿದೆ, 'ಕೆಟ್ಟಿದೆ' ಎಂದಾದರೆ ಈಚೆಗಿದೆ. ಹೀಗೆ ಅರ್ಧ, ಅರ್ಧದ ಅರ್ಧ. ಹನ್ನೆರಡು ಹೆಜ್ಜೆಗೆ ಒಂದೇ ಉಳಿಯುತ್ತದೆ.

ಎರಡನೇ ಹೆಜ್ಜೆಯಲ್ಲಿ ಮುಚ್ಚಳ ಮುಚ್ಚಿ ಕೂತಿದ್ದೆ. ಗಾಜಿನ ಗೋಡೆಯಾಚೆ, ಕಾಫಿ ಯಂತ್ರದ ಬಳಿ, ಕಿಂಗಾ ಹಿನೆಕ್‌ನ ಕಿವಿಯ ಬಳಿ ಬಾಗಿ ಏನೋ ಹೇಳಿದಳು. ಎಡಹುಬ್ಬು ಏರಿತು. ನಾನು ಮುಚ್ಚಳ ತೆರೆದೆ. ಪರದೆ ಬೆಳಗಿತು. 'ಸರಿಯಿದೆ' ಎಂದು ಗುರುತು ಹಾಕಿದೆ.

ಸಂಜೆಗೆ ಉತ್ತರ ಬಂತು. ತಪ್ಪು ಕಿಂಗಾಳದ್ದು. ಮಾರ್ಚ್‌ನಲ್ಲಿ, ಇನ್ನೂ ಪೋಲೆಂಡಿನಲ್ಲಿದ್ದಾಗ, ಅವಳು ಕಳಿಸಿದ ತಿದ್ದುಪಡಿ.

ಪಟ್ಟಿಗೆ ಬರೆದೆ. ಅವಳ ಹೆಸರು ಬರೆದಿದ್ದರೆ ಸಾಕಿತ್ತು. 'ಊರವರ ಕೋಡನ್ನೆಲ್ಲ ಪರೀಕ್ಷಿಸುವವರು ತಮ್ಮದನ್ನೂ ಒಮ್ಮೆ ಪರೀಕ್ಷಿಸಬಹುದಿತ್ತು' ಎಂದು ಇನ್ನೊಂದು ಸಾಲು ಸೇರಿಸಿದೆ.

ಮರುದಿನ ಬೆಳಗ್ಗೆ ಕಿಂಗಾ ನನ್ನ ಮೇಜಿನ ಬಳಿ ಬಂದಳು. ಸಿಟ್ಟಿದ್ದಂತೆ ಕಾಣಲಿಲ್ಲ.

"ರಾತ್ರೀನೇ ನನ್ ತಿದ್ದುಪಡಿ ಕಿತ್ತು ಹಾಕಿ ನೋಡ್ದೆ. ಪರದೆ ಆಗ್ಲೂ ಕಪ್ಪೇ. ನಿನ್ನ ಹೆಜ್ಜೆಗಳ ದಾಖಲೆ ತೋರಿಸ್ತೀಯಾ?"

ತೋರಿಸಿದೆ. ಅವಳು ಬೆರಳಿಟ್ಟಳು.

"ಎರಡನೇದು 'ಸರಿಯಿದೆ'. ಆಮೇಲೆ ಹತ್ತಕ್ಕೆ ಹತ್ತೂ 'ಕೆಟ್ಟಿದೆ'. ಕೊನೆಗೆ ಆ ಎರಡನೇದರ ಪಕ್ಕದಲ್ಲೇ ಬಂದು ನಿಂತಿದೆ. ನಿಂಗೆ ಅನುಮಾನ ಬರ್ಲಿಲ್ವಾ ರಾದ್ಮಿಲಾ?"

ಒಂದು ಗುರುತು ತಪ್ಪಿದರೆ ಆಮೇಲಿನದೆಲ್ಲ ಹೀಗೆ ಒಂದೇ ಕಡೆ ವಾಲುತ್ತದೆ; ಇಂಥ ಸಾಲು ಕಂಡರೆ ಅನುಮಾನಪಡಬೇಕೆಂದು ಹೊಸಬರಿಗೆ ಹೇಳಿಕೊಡುವವಳೇ ನಾನು. ಎರಡನೇ ಹೆಜ್ಜೆಯ ಸಮಯ ನೋಡಿದೆ. ಅರ್ಧ ಗಂಟೆ ಬೇಕಿದ್ದಲ್ಲಿ ಮುಚ್ಚಳ ಮುಚ್ಚಿದ್ದು ಐದೇ ನಿಮಿಷ.

"ಒಂದು ಮಾತು," ಎಂದಳು ಹೊರಡುವ ಮುನ್ನ. "ಅವನ ಕೋಡ್ ಬಿಟ್ರೆ ಅವನಲ್ಲಿ ನಂಗೆ ಬೇಕಾದ್ದು ಏನೂ ಇಲ್ಲ. ಕೋಡೂ ಅಷ್ಟಕ್ಕಷ್ಟೇ."

ನನ್ನ ಕಿವಿ ಬಿಸಿಯಾಯಿತು.

ಆ ದಿನವೇ ಎರಡನೇ ಹೆಜ್ಜೆಯಿಂದ ಮತ್ತೆ ಶುರು ಮಾಡಿದೆ. ಹನ್ನೊಂದು ಹೆಜ್ಜೆ, ಒಂದೊಂದಕ್ಕೂ ನಲವತ್ತು ನಿಮಿಷ. ಈ ಸಲ ಗಾಜಿನಾಚೆ ನೋಡಲಿಲ್ಲ. ಒಂಬತ್ತಕ್ಕೆ ಕೂತವಳಿಗೆ ಸಂಜೆ ನಾಲ್ಕೂ ಇಪ್ಪತ್ತಕ್ಕೆ ಉತ್ತರ ಸಿಕ್ಕಿತು.

ಮಾರ್ಚ್ ಮೂರು. ಬರೆದವರು: ಹಿನೆಕ್. ಪರೀಕ್ಷಿಸಿದವರು: ರಾದ್ಮಿಲಾ.

ಆ ದಿನ ಚೆನ್ನಾಗಿ ನೆನಪಿತ್ತು. 'ಇದೊಂದು ನೋಡಿಬಿಡು, ಲುಝಾಂಕಿಗೆ ಹೋಗೋಣ, ಗೇಟಿನ ಹತ್ತಿರ ಇರ್ತೀನಿ' ಎಂದು ಅವನು ಮೊದಲ ಸಲ ಕರೆದಿದ್ದ. ನಾನು ಮುಚ್ಚಳ ಮುಚ್ಚಿಯೇ ಇರಲಿಲ್ಲ. ಹೆಸರು ಬರೆದು, ಕೋಟು ಸಿಕ್ಕಿಸಿಕೊಂಡು ಓಡಿದ್ದೆ.

ಹಿನೆಕ್ ಬಂದು ಪರದೆ ನೋಡಿದ. ಎದುರಿನ ಕುರ್ಚಿಯಲ್ಲಿ ಕೂತ.

"ನಂಗೊತ್ತಿತ್ತು," ಎಂದ.

"ಏನು?"

"ನೀನು ಪರೀಕ್ಷೆ ಮಾಡಿಲ್ಲ ಅಂತ. ಅರ್ಧ ಗಂಟೆ ಹಿಡಿಯೋ ಕೆಲಸಕ್ಕೆ ಹನ್ನೊಂದೇ ನಿಮಿಷಕ್ಕೆ ಉತ್ತರ ಬಂತು. ನಾನಾದ್ರೂ ಇನ್ನೊಂದ್ಸಲ ನೋಡ್ಬೇಕಿತ್ತು, ನೋಡ್ಲಿಲ್ಲ. ಇದರಲ್ಲಿ ಅರ್ಧ ತಪ್ಪು ನಂದೇ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ, ಅವತ್ತು ನೀನು ಓಡಿ ಬಂದದ್ದೇ ತಪ್ಪು ಅಂದ ಹಾಗಾಗ್ತಿತ್ತು." ಅವನು ಮೇಜಿನ ಅಂಚು ಕೆರೆಯುತ್ತಿದ್ದ. "ಆಮೇಲೆ ಹೆದರಿಕೆ ಆಯ್ತು. ನಾನು ಏನ್ ಕಳಿಸಿದ್ರೂ ನೀನು 'ಸರಿಯಿದೆ' ಅಂತೀಯ. ನನ್ ಜೊತೆ ಜಗಳ ಆಡೋರು ಬೇಕಿತ್ತು, ಕಿಂಗಾಗೆ ಕೊಟ್ಟೆ. ನೀನು ಪರೀಕ್ಷಕಿಯಾಗಿ ಬೇಡ ಅನ್ನಿಸ್ತು, ರಾದ್ಕಾ. ಬೇರೆ ಥರ ಬೇಕು ಅನ್ನಿಸ್ತು."

ಹದಿನೇಳು ಸಾಲುಗಳನ್ನು ಎಣಿಸಿದವಳಿಗೆ ಈ ಒಂದು ಸಾಲು ಎಲ್ಲೂ ಕಂಡಿರಲಿಲ್ಲ.

ಪಟ್ಟಿಗೆ ಎರಡನೇ ಪತ್ರ ಬರೆದೆ. ಕಿಂಗಾಳ ತಿದ್ದುಪಡಿಯಲ್ಲಿ ತಪ್ಪಿಲ್ಲ. ತಪ್ಪಿರುವುದು ಹಿನೆಕ್‌ನ ಮಾರ್ಚ್ ಮೂರರ ತಿದ್ದುಪಡಿಯಲ್ಲಿ; ಅದಕ್ಕೆ ಪರೀಕ್ಷಿಸದೆ ಹೆಸರು ಹಾಕಿದವಳು ನಾನು. ನಿನ್ನೆಯ ಹುಡುಕಾಟದಲ್ಲೂ ಕಾಯದೆ ಗುರುತು ಹಾಕಿದವಳು ನಾನೇ. ಅವಳ ಬಗ್ಗೆ ಬರೆದ ಕೊನೆಯ ಸಾಲು ಕೆಲಸಕ್ಕೆ ಸಂಬಂಧಿಸಿದ್ದಲ್ಲ, ಕ್ಷಮಿಸಬೇಕು. ನಾಲ್ಕು ವರ್ಷದ ದಾಖಲೆ ಎರಡು ಸಾವಿರ ಜನರ ಮುಂದೆ ಮುಗಿಯಿತು. ಎರಡು ನಿಮಿಷದಲ್ಲಿ ಕಿಂಗಾಳ ಉತ್ತರ: 'ಒಪ್ಪಿದೆ. ನಾಳೆ ಕಾಫಿ ನಿನ್ನ ಲೆಕ್ಕಕ್ಕೆ.'

ಮರುದಿನ ಮಧ್ಯಾಹ್ನ ಹಿನೆಕ್ ಸರಿಪಡಿಸಿದ ಕೋಡ್ ಕಳಿಸಿದ, ನನ್ನ ಹೆಸರಿಗೇ. ಮುಚ್ಚಳ ಮುಚ್ಚಿದೆ. ಅರ್ಧ ಗಂಟೆ ಕಾದೆ. ಪರದೆ ಕಪ್ಪು.

"ಆಗಿಲ್ಲ," ಎಂದೆ ಅವನ ಮುಖ ನೋಡಿ. "ಇನ್ನೊಂದು ಬರೆದು ತಾ."

ಅವನ ಎಡಹುಬ್ಬು ಅಷ್ಟು ಮೇಲೆ ಏರಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಇನ್ನೊಂದು ಬಂತು. ಮುಚ್ಚಳ ಮುಚ್ಚಿದೆ. ಹೊರಗೆ ಒಳ್ಳೆಯ ಬಿಸಿಲಿತ್ತು. ಅವನು ಕೋಟು ತೋಳಿಗೆ ಹಾಕಿಕೊಂಡು ಬಂದ.

"ಲುಝಾಂಕಿಗೆ ಹೋಗೋಣ್ವಾ?"

"ಇನ್ನೂ ಹದಿನೆಂಟು ನಿಮಿಷ ಇದೆ. ಕೂತ್ಕೋ."

ಅವನು ಕೂತ. ಮುಚ್ಚಿದ ಮುಚ್ಚಳದ ಮೇಲೆ ಕೈಯಿಟ್ಟ. ಅವನ ಕೈಯ ಮೇಲೆ ನನ್ನ ಕೈಯಿಟ್ಟು, ಗಡಿಯಾರ ನೋಡುತ್ತ, ಪೂರ್ತಿ ಹದಿನೆಂಟು ನಿಮಿಷ ಕಾದೆ.